ನಾಯಿ ಯಾವುದಕ್ಕೆ ಕೆರಳುತ್ತದೆ? ರಿಯಾಕ್ಟಿವ್ ನಾಯಿಯ ಟ್ರಿಗರ್‌ಗಳನ್ನು ಬರೆದಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಕಿಂಗ್‌ನಲ್ಲಿ ಬೇರೆ ನಾಯಿ ಕಂಡರೆ ಎಗರುವ, ಬೆಲ್ ಬಡಿದರೆ ಬೀದಿಗೆಲ್ಲ ಕೇಳುವ ಹಾಗೆ ಬೊಗಳುವ, ಅಪರಿಚಿತರು ಕೈ ಚಾಚಿದರೆ ಗುರ್ ಅನ್ನುವ ನಾಯಿ ಸಾಕಿದವರಿಗಾಗಿ ಇದು. ತರಬೇತಿಯ ಬಗ್ಗೆ ಎಲ್ಲೆಡೆ ಬೇಕಾದಷ್ಟು ಸಲಹೆ ಸಿಗುತ್ತದೆ. ಅದಕ್ಕೂ ಮುಂಚಿನ ಕೆಲಸ, ಅಂದರೆ ನಾಯಿ ನಿಜವಾಗಿ ಯಾವುದಕ್ಕೆ ಕೆರಳುತ್ತಿದೆ ಅಂತ ಕಂಡುಹಿಡಿಯುವುದರ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಹಾಗೆ ಕೆರಳಿಸುವ ವಸ್ತು, ಸದ್ದು, ಸನ್ನಿವೇಶಕ್ಕೆ ಟ್ರಿಗರ್ ಅನ್ನುತ್ತಾರೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಹುಡುಕುವುದೇ ಇಲ್ಲಿ ಹೆಚ್ಚಿನದು.

ರಿಯಾಕ್ಟಿವ್ ಅಂದರೆ ಕಚ್ಚುವ ನಾಯಿ ಅಂತಲೇ?

ಅಲ್ಲ. ಕೆಲವು ವಿಷಯಗಳಿಗೆ ಬೇರೆ ನಾಯಿಗಳಿಗಿಂತ ಜೋರಾಗಿ ಪ್ರತಿಕ್ರಿಯೆ ತೋರಿಸುವ ನಾಯಿ, ಅಷ್ಟೆ. ಬೊಗಳುವುದು, ಲೀಶ್ ಎಳೆದುಕೊಂಡು ನುಗ್ಗುವುದು, ಗುರುಗುಟ್ಟುವುದು, ಕೀರಲು ದನಿ ತೆಗೆಯುವುದು, ನಿಂತಲ್ಲೇ ಗಿರಗಿರ ಸುತ್ತುವುದು, ಎಲ್ಲ ಇದರಲ್ಲೇ ಬರುತ್ತದೆ. ಇದರ ಹಿಂದೆ ಹೆದರಿಕೆ ಇರಬಹುದು, ಹತ್ತಿರ ಹೋಗಲು ಬಿಡಲಿಲ್ಲ ಅನ್ನುವ ಚಡಪಡಿಕೆ ಇರಬಹುದು, ನೋವಿರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಹಾಗಂತ ರಿಯಾಕ್ಟಿವ್ ನಾಯಿ ಕಚ್ಚುವುದೇ ಇಲ್ಲ ಅಂತಲೂ ಅಲ್ಲ. ಹೆದರಿದ ನಾಯಿಯನ್ನು ಮೂಲೆಗೆ ತಳ್ಳಿದರೆ ಯಾವ ನಾಯಿಯಾದರೂ ಕಚ್ಚಬಹುದು.

ನನ್ನ ನಾಯಿಗೆ ಬೇರೆ ನಾಯಿ ಕಂಡರೆ ಆಗಲ್ಲ ಅಂತ ನನಗೇ ಗೊತ್ತಲ್ಲ, ಬರೆಯೋದು ಯಾಕೆ?

ಯಾವ ನಾಯಿ? ಎಷ್ಟು ದೂರದಲ್ಲಿ? ಎದುರಿಗೆ ನಡೆದು ಬರುವಾಗಲೋ, ಬೆನ್ನು ಹಾಕಿ ಹೋಗುವಾಗಲೋ? ನಿಂತಿದ್ದಾಗಲೂ ಬೊಗಳುತ್ತದೋ, ಓಡಿದಾಗ ಮಾತ್ರವೋ? ನಿಮ್ಮ ಕೈಯಲ್ಲಿ ಲೀಶ್ ಇದ್ದಾಗಲೋ, ಮನೆಯಲ್ಲಿ ಯಾರ ಕೈಯಲ್ಲಿದ್ದರೂ ಹೀಗೇನೋ?

ಇದಕ್ಕೆಲ್ಲ ಥಟ್ಟನೆ ಉತ್ತರ ಬಂದರೆ ನೀವು ಪುಸ್ತಕ ಇಡಬೇಕಾಗಿಲ್ಲ. ಹೆಚ್ಚಿನವರಿಗೆ ಬರುವುದಿಲ್ಲ. ನಮ್ಮ ನೆನಪಿನಲ್ಲಿ ಉಳಿಯುವುದು ಕೆಟ್ಟ ಘಟನೆಗಳು ಮಾತ್ರ, ಅದರಲ್ಲೂ ಜನ ತಿರುಗಿ ನೋಡಿ ನಮಗೆ ಅವಮಾನ ಆದಂಥವು. ಎಲ್ಲರ ಎದುರು ಎಗರಿದ ಒಂದು ದಿನ, ಖಾಲಿ ರಸ್ತೆಯಲ್ಲಿ ಸುಮ್ನೆ ಎರಡು ಸಲ ಬೊಗಳಿದ ಹತ್ತು ದಿನಗಳನ್ನು ಮರೆಸಿಬಿಡುತ್ತದೆ. "ನಾಯಿಗಳನ್ನ ಕಂಡ್ರೆ ಆಗಲ್ಲ" ಅನ್ನುವ ಮಾತಿನಿಂದ ನಾಳೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. "ತನಗಿಂತ ದೊಡ್ಡ ನಾಯಿ 20 ಹೆಜ್ಜೆಗಿಂತ ಹತ್ತಿರ, ನೇರ ಎದುರಿಗೆ ಬಂದರೆ ಆಗಲ್ಲ" ಅಂದರೆ ತಿಳಿಯುತ್ತದೆ.

ಏನೇನು ಬರೆಯಬೇಕು?

ಮುಖ್ಯವಾಗಿ ಮೂರು: ಅದಕ್ಕೆ ಮೊದಲು ಏನಾಯಿತು, ನಾಯಿ ಏನು ಮಾಡಿತು, ಆಮೇಲೆ ಏನಾಯಿತು. ಪ್ರಾಣಿಗಳ ವರ್ತನೆ ಅಭ್ಯಾಸ ಮಾಡುವವರು ಬಳಸುವುದೂ ಇದೇ ಕ್ರಮ. ಜನ ಮಧ್ಯದ್ದನ್ನು ಉದ್ದಕ್ಕೆ ಬರೆದು ಉಳಿದೆರಡನ್ನು ಬಿಟ್ಟುಬಿಡುತ್ತಾರೆ. ಆದರೆ ಕೆಲಸಕ್ಕೆ ಬರುವುದು ಆ ಎರಡೇ.

ಒಂದು ಮಾದರಿ ಕೊಡುತ್ತೇನೆ, ಹೀಗಿದ್ದರೆ ಸಾಕು:

"ಸಂಜೆ 6:40. ಮೂಲೆ ತಿರುಗಿದ ಕೂಡಲೇ ಎದುರಿಗೆ ದೊಡ್ಡ ಕಪ್ಪು ನಾಯಿ, ಸುಮಾರು 12 ಹೆಜ್ಜೆ. ನಮ್ಮ ಕಡೆಗೇ ಬರ್ತಿತ್ತು. ಮೊದಲು ನಿಂತುಬಿಟ್ಟಿತು, ಬಾಯಿ ಮುಚ್ಚಿತು, ಆಮೇಲೆ ಎಗರಿ ಬೊಗಳಿತು. ನಾನು ಲೀಶ್ ಬಿಗಿ ಹಿಡಿದೆ. ಆ ನಾಯಿಯವರು ರಸ್ತೆ ದಾಟಿ ಆಚೆ ಹೋದರು. 4 ನಿಮಿಷ ಟ್ರೀಟ್ ಮುಟ್ಟಲಿಲ್ಲ. ಮಧ್ಯಾಹ್ನ ಉಗುರು ಕತ್ತರಿಸಿದ್ದೆವು."

ಇದರಲ್ಲಿ "ಆಚೆ ಹೋದರು" ಅನ್ನುವುದನ್ನು ಗಮನಿಸಿ. ನಾಯಿಯ ಲೆಕ್ಕದಲ್ಲಿ ನೋಡಿದರೆ, ಬೊಗಳಿತು, ಎದುರಿದ್ದದ್ದು ದೂರ ಹೋಯಿತು, ಅಂದರೆ ಬೊಗಳಿದ್ದು ಫಲ ಕೊಟ್ಟಿತು. ಅವರು ಹೇಗಿದ್ದರೂ ಹೋಗುವವರೇ ಇದ್ದರು ಅಂತ ನಾಯಿಗೆ ಏನು ಗೊತ್ತು? ಪ್ರತಿದಿನ ಬಂದು ಹೋಗುವ ಪೋಸ್ಟ್‌ಮ್ಯಾನ್‌ಗೆ ನಾಯಿಗಳು ವರ್ಷಗಟ್ಟಲೆ ಬೊಗಳುವುದು, ದಿನದಿಂದ ದಿನಕ್ಕೆ ಜೋರಾಗುವುದು ಇದೇ ಕಾರಣಕ್ಕೆ. ಅವರು ಪ್ರತಿದಿನವೂ "ಸೋತು" ಹೋಗುತ್ತಾರೆ.

ಚೇತರಿಸಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದನ್ನು ತಪ್ಪದೆ ಬರೆಯಿರಿ. ಮತ್ತೆ ಟ್ರೀಟ್ ತಿಂದದ್ದು, ನೆಲ ಮೂಸಿದ್ದು, ಕರೆದಾಗ ತಿರುಗಿದ್ದು, ಯಾವುದನ್ನು ಬೇಕಾದರೂ ಅಳತೆಯಾಗಿ ಇಟ್ಟುಕೊಳ್ಳಿ, ಆದರೆ ಪ್ರತಿ ಸಲ ಅದನ್ನೇ ಬಳಸಿ. ಬೊಗಳುವುದು ಕಡಿಮೆಯಾಗುವ ಮೊದಲೇ ಈ ಸಮಯ ಕಡಿಮೆಯಾಗುವುದುಂಟು. ಏನೂ ಸುಧಾರಣೆ ಆಗ್ತಿಲ್ಲ ಅಂತ ಬೇಸರವಾಗುವ ವಾರಗಳಲ್ಲಿ ಕೈಹಿಡಿಯುವ ಅಂಕಿ ಇದೊಂದೇ.

ಬೊಗಳದೇ ಇದ್ದಾಗಲೂ ಬರೆಯಬೇಕಾ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಹೌದು, ಬರೆಯಲೇಬೇಕು. ಬೊಗಳಿದ್ದನ್ನು ಮಾತ್ರ ಬರೆದ ಪುಸ್ತಕ ದಾರಿ ತಪ್ಪಿಸುತ್ತದೆ.

ಒಂದು ತಿಂಗಳಲ್ಲಿ ಸೈಕಲ್‌ಗೆ 10 ಸಲ, ಸ್ಕೇಟ್‌ಬೋರ್ಡ್‌ಗೆ 2 ಸಲ ಬೊಗಳಿತು ಅಂತ ಬರೆದಿದ್ದೀರಿ ಅಂದುಕೊಳ್ಳಿ. ಸೈಕಲ್ಲೇ ದೊಡ್ಡ ತೊಂದರೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಆ ತಿಂಗಳು ನಿಮ್ಮ ಪಕ್ಕದಲ್ಲಿ ಹಾದುಹೋದ ಸೈಕಲ್ 100, ಸ್ಕೇಟ್‌ಬೋರ್ಡ್ ಎರಡೇ ಎರಡು. ಅಂದರೆ ಸೈಕಲ್ ಹತ್ತಕ್ಕೆ ಒಂದು ಸಲ, ಸ್ಕೇಟ್‌ಬೋರ್ಡ್ ಬಂದಾಗಲೆಲ್ಲ. ಈಗ ಕೇಳಬೇಕಾದ ಪ್ರಶ್ನೆಯೇ ಬೇರೆ. ಸುಮ್ಮನೆ ಬಿಟ್ಟ ಆ 90 ಸೈಕಲ್‌ಗೂ ಬೊಗಳಿದ ಹತ್ತಕ್ಕೂ ಏನು ವ್ಯತ್ಯಾಸ? ಬೊಗಳಿದ್ದೆಲ್ಲ ಹಿಂದಿನಿಂದ ಬಂದ ಸೈಕಲ್ ಆಗಿರಬಹುದು. ಇಕ್ಕಟ್ಟಾದ ದಾರಿಯಲ್ಲಿ ಆಗಿರಬಹುದು. ಕತ್ತಲಾದ ಮೇಲೆ ಆಗಿರಬಹುದು. ಸುಮ್ಮನಿದ್ದ ಸಲ ಬರೆದಿರದಿದ್ದರೆ ಇದನ್ನು ಕಂಡುಹಿಡಿಯುವ ದಾರಿಯೇ ಇಲ್ಲ.

ಇನ್ನೊಂದು ಲಾಭವೂ ಇದೆ. ನಾಯಿ ಟ್ರಿಗರನ್ನು ನೋಡಿಯೂ ಸುಮ್ಮನಿದ್ದ ಜಾಗ, ದೂರ, ಹೊತ್ತು, ನಾಳೆ ತರಬೇತಿ ಶುರುಮಾಡುವುದು ಅಲ್ಲಿಂದಲೇ. ಎಗರಿದ ಜಾಗದಲ್ಲಿ ಕಲಿಸಲು ಹೋದರೆ ನಾಯಿಯ ಕಿವಿಗೆ ನಿಮ್ಮ ಮಾತು ಬೀಳುವುದೇ ಇಲ್ಲ.

ಪ್ರತಿಯೊಂದು ಸೈಕಲ್ ಎಣಿಸುತ್ತಾ ಹೋಗಿ ಅಂತ ಹೇಳುತ್ತಿಲ್ಲ. ವಾಕಿಂಗ್ ಮುಗಿಸಿ ಬಂದ ಮೇಲೆ ಎರಡು ಸಾಲು ಸಾಕು: "ಎರಡು ನಾಯಿ ಕಂಡವು, ರಸ್ತೆ ಆಚೆ. ನೋಡಿತು, ತಿರುಗಿ ನನ್ನ ಮುಖ ನೋಡಿತು, ಮುಂದೆ ನಡೆಯಿತು." ಚಪ್ಪಲಿ ಬಿಡುವ ಹೊತ್ತಿನಲ್ಲಿ ಮುಗಿಯುವ ಕೆಲಸ.

ಬೊಗಳುವ ಮೊದಲೇ ಗೊತ್ತಾಗುತ್ತದಾ?

ಬಹುಮಟ್ಟಿಗೆ ಗೊತ್ತಾಗುತ್ತದೆ. ನಾವು ನೋಡುತ್ತಿರುವುದಿಲ್ಲ ಅಷ್ಟೆ, ಯಾಕೆಂದರೆ ನಾವೂ ಆಗ ಎದುರಿನ ನಾಯಿಯನ್ನೇ ನೋಡುತ್ತಿರುತ್ತೇವೆ.

ಮೊದಲು ಸಣ್ಣ ಗುರುತುಗಳು ಬರುತ್ತವೆ. ಏನೂ ತಿನ್ನದೇ ಇದ್ದರೂ ತುಟಿ, ಮೂಗು ನೆಕ್ಕಿಕೊಳ್ಳುವುದು. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು. ಮುಖ ಆಚೆ ತಿರುಗಿಸುವುದು, ಒಂದು ಮುಂಗಾಲು ಎತ್ತಿ ಹಿಡಿಯುವುದು, ಏನೋ ಕಳೆದುಕೊಂಡ ಹಾಗೆ ಇದ್ದಕ್ಕಿದ್ದಂತೆ ನೆಲ ಮೂಸುವುದು, ತಲೆ ಒಂದು ಕಡೆ ಇಟ್ಟು ಕಣ್ಣು ಮಾತ್ರ ಹೊರಳಿಸುವಾಗ ಕಣ್ಣಿನ ಬಿಳಿ ಕಾಣಿಸುವುದು. ಆಮೇಲೆ ದೊಡ್ಡವು: ತೆರೆದಿದ್ದ ಬಾಯಿ ಫಕ್ಕನೆ ಮುಚ್ಚುತ್ತದೆ, ಮೈಭಾರ ಮುಂಗಾಲಿಗೆ ಬರುತ್ತದೆ, ಬಾಲ ಮೇಲೇರಿ ಬಿಗಿಯಾಗುತ್ತದೆ, ಬೆನ್ನ ಮೇಲಿನ ಕೂದಲು ನೆಟ್ಟಗಾಗುತ್ತದೆ, ಮತ್ತೆ ಕ್ಷಣಕಾಲ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಆ ನಿಲ್ಲುವಿಕೆಯ ಮರುಕ್ಷಣವೇ ಸ್ಫೋಟ.

ಬಾಲ ಅಲ್ಲಾಡುತ್ತಿದೆ ಅಂದರೆ ಖುಷಿಯಾಗಿದೆ ಅಂತ ಬರೆದುಬಿಡಬೇಡಿ. ಸಡಿಲವಾಗಿ, ಸೊಂಟವೂ ಸೇರಿ ಅಲ್ಲಾಡುವ ಬಾಲ ಬೇರೆ. ಎತ್ತರದಲ್ಲಿ, ಬಿಗಿಯಾಗಿ, ಚಿಕ್ಕದಾಗಿ ನಡುಗುವ ಹಾಗೆ ಅಲ್ಲಾಡುವ ಬಾಲ ಬೇರೆ.

ಟ್ರೀಟ್ ತೆಗೆದುಕೊಳ್ಳುವ ರೀತಿಯೂ ಸುಳಿವು ಕೊಡುತ್ತದೆ. ದಿನಾ ಮೆತ್ತಗೆ ತೆಗೆದುಕೊಳ್ಳುವ ನಾಯಿ ಇವತ್ತು ಬೆರಳಿಗೆ ಹಲ್ಲು ತಾಗುವಂತೆ ಕಸಿದುಕೊಂಡರೆ ಒಳಗೆ ಏನೋ ಏರುತ್ತಿದೆ ಅಂತ ತಿಳಿಯಿರಿ. ತಿನ್ನುವುದನ್ನೇ ಬಿಟ್ಟರೆ ಆಗಲೇ ಮಿತಿ ದಾಟಿದೆ.

ಈ ಗುರುತುಗಳು ಎಲ್ಲ ನಾಯಿಯಲ್ಲೂ ಇದೇ ಕ್ರಮದಲ್ಲಿ ಬರುವುದಿಲ್ಲ. ನಿಮ್ಮ ನಾಯಿಯ ಮೊದಲ ಗುರುತು ಯಾವುದು ಅಂತ ಹುಡುಕುವುದೇ ಪುಸ್ತಕದ ಒಂದು ದೊಡ್ಡ ಕೆಲಸ. ಜೊತೆಗಿರುವ ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರೆ ಆಮೇಲೆ ನಿಧಾನ ಗತಿಯಲ್ಲಿ ನೋಡಬಹುದು. ಕಣ್ಣಿಗೆ ತಪ್ಪಿದ್ದು ಅಲ್ಲಿ ಸಿಗುತ್ತದೆ. ಒಬ್ಬರೇ ಇದ್ದಾಗ ವಿಡಿಯೋ ಬೇಡ, ಲೀಶ್ ಹಿಡಿದುಕೊಳ್ಳಿ.

ದೂರವನ್ನು ಅಳೆಯೋದು ಹೇಗೆ? ಟೇಪ್ ಹಿಡಿದು ಹೋಗೋಕಾಗುತ್ತಾ?

ಹೆಜ್ಜೆ ಲೆಕ್ಕ ಸಾಕು. ಅಥವಾ ನಿಂತಿರುವ ಕಾರಿನ ಉದ್ದದ ಲೆಕ್ಕದಲ್ಲಿ ಹೇಳಿ, ಎರಡು ಕಾರು, ಐದು ಕಾರು ಅಂತ. ನಿಖರತೆಗಿಂತ ದಿನಾ ಒಂದೇ ಅಳತೆ ಬಳಸುವುದು ಮುಖ್ಯ.

ನಿನ್ನೆ ಅದೇ ನಾಯಿ ಪಕ್ಕದಲ್ಲೇ ಹೋದರೂ ಸುಮ್ಮನಿತ್ತು, ಇವತ್ತು ಎಗರಿತು. ಯಾಕೆ?

ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ತಿಂಡಿ ಇಲ್ಲ, ಬಸ್ಸು ತಪ್ಪಿತು, ಇಷ್ಟೆಲ್ಲ ಆಗಿ ಮನೆಗೆ ಬಂದವರಿಗೆ ಒಂದು ಸಣ್ಣ ಮಾತು ಸಾಕು ರೇಗಲು. ನಾಯಿಗೂ ಹಾಗೇ. ಬೆಳಿಗ್ಗೆ ಸ್ನಾನ ಮಾಡಿಸಿದ್ದು, ಪಕ್ಕದ ಮನೆಯಲ್ಲಿ ಡ್ರಿಲ್ಲಿಂಗ್ ಶಬ್ದ, ಮನೆಗೆ ಬಂದ ನೆಂಟರು, ಮಧ್ಯಾಹ್ನ ಗುಡುಗು. ಒಂದೊಂದೇ ಬಂದಿದ್ದರೆ ತಡೆದುಕೊಳ್ಳುತ್ತಿತ್ತು. ಒಂದರ ಮೇಲೊಂದು ಬಿದ್ದಾಗ ಸಂಜೆ ಕಂಡ ಪಾಪದ ನಾಯಿಯ ಮೇಲೆ ಎಲ್ಲ ಹೊರಬೀಳುತ್ತದೆ. ಇದಕ್ಕೆ ಟ್ರಿಗರ್ ಸ್ಟ್ಯಾಕಿಂಗ್ ಅನ್ನುತ್ತಾರೆ.

ಮೈಯೊಳಗಿನ ಒತ್ತಡದ ಹಾರ್ಮೋನುಗಳು ಬೊಗಳುವುದು ನಿಂತ ಕೂಡಲೇ ಇಳಿಯುವುದಿಲ್ಲ. ಹೊತ್ತು ಬೇಕು. ಒಂದು ಜೋರು ಘಟನೆ ಆದಮೇಲೆ ಕೆಲವು ನಾಯಿಗಳು ಮರುದಿನವೂ ಸಣ್ಣ ಸದ್ದಿಗೇ ಬೆಚ್ಚಿಬೀಳುತ್ತವೆ. ಆದ್ದರಿಂದ ಪ್ರತಿ ಘಟನೆಯ ಕೆಳಗೆ ಹಿಂದಿನ ಒಂದೆರಡು ದಿನಗಳಲ್ಲಿ ಏನೇನು ವಿಶೇಷ ನಡೆಯಿತು ಅಂತ ಒಂದು ಸಾಲು ಬರೆಯಿರಿ. ನಿದ್ದೆಯನ್ನೂ ಸೇರಿಸಿ. ಬೆಳೆದ ನಾಯಿಯೂ ದಿನದ ಅರ್ಧದಷ್ಟು ಹೊತ್ತು ನಿದ್ದೆ, ವಿಶ್ರಾಂತಿಯಲ್ಲೇ ಕಳೆಯುತ್ತದೆ. ಮನೆಯಲ್ಲಿ ದಿನವಿಡೀ ಗಲಾಟೆ ಇದ್ದು ಅದು ತಪ್ಪಿದರೆ ಸಂಜೆಯ ವಾಕಿಂಗ್ ಕೆಡುವುದು ಸಹಜ. ಹೆಣ್ಣು ನಾಯಿ ಬೆದೆಗೆ ಬಂದ ದಿನಗಳು, ಊಟ ಬದಲಾದದ್ದು, ಹೊಸ ಔಷಧಿ ಶುರುವಾದದ್ದು, ಇವೂ ಇರಲಿ.

ಹಾಗಂತ ಕೆಟ್ಟ ದಿನದ ಮರುದಿನ "ಅಭ್ಯಾಸ ತಪ್ಪಬಾರದು" ಅಂತ ಅದೇ ರಸ್ತೆಗೆ ಎಳೆದುಕೊಂಡು ಹೋಗಬೇಡಿ. ಜನ, ನಾಯಿ ಇಲ್ಲದ ಕಡೆ ಮೂಸಿಕೊಂಡು ಓಡಾಡಲು ಬಿಡಿ. ಒಂದು ದಿನ ವಾಕಿಂಗ್ ತಪ್ಪಿಸಿ ಮನೆಯಲ್ಲೇ ಮೂಗಿಗೆ ಕೆಲಸ ಕೊಟ್ಟರೂ ಏನೂ ಮುಳುಗಿಹೋಗುವುದಿಲ್ಲ.

ಏನೂ ಇಲ್ಲದಿದ್ದರೂ ಬೊಗಳುತ್ತದಲ್ಲ?

ನಿಮಗೆ ಏನೂ ಇಲ್ಲ. ಮನುಷ್ಯರಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ, ನಾಯಿಗೆ ಸುಮಾರು 45,000ದವರೆಗೆ. ಚಾರ್ಜರ್, ಮೋಟಾರು, ಯಾವುದೋ ಯಂತ್ರದ ಕೀಚಲು ಸದ್ದು ನಮಗೆ ಕೇಳದೇ ಅದಕ್ಕೆ ಕೇಳಬಹುದು. ವಾಸನೆಯಂತೂ ಹೇಳುವುದೇ ಬೇಡ. ಮೂಲೆಯ ಆಚೆ ಇರುವ ನಾಯಿ ಕಾಣುವ ಮೊದಲೇ ಗಾಳಿ ಸುದ್ದಿ ತಂದಿರುತ್ತದೆ. ಹಾಗಾಗಿ "ಕಾರಣ ಇಲ್ಲ" ಅಂತ ಬರೆಯುವ ಬದಲು "ಕಾರಣ ಕಾಣಲಿಲ್ಲ" ಅಂತ ಬರೆದು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನಾಯಿ ಯಾವ ಕಡೆ ಮುಖ ಮಾಡಿತು, ಕಿವಿ ಎತ್ತ ತಿರುಗಿತು ಅಂತ ನೋಡಿ. ಇಂಥ ಹತ್ತಾರು ನಮೂದು ಸೇರಿದರೆ ಎಲ್ಲವೂ ಒಂದೇ ಗೇಟಿನ ಮುಂದೆ ಆಗಿದ್ದು ಅಂತ ತಿಳಿಯಬಹುದು. ಹಿಂದೆ ಯಾವತ್ತೋ ಅಲ್ಲಿ ಬೆದರಿದ್ದರೆ ಜಾಗವೇ ಟ್ರಿಗರ್ ಆಗಿರುತ್ತದೆ.

ಕೆಂಪು ಅಂಗಿ ಹಾಕಿದವರನ್ನು ಕಂಡರೆ ಮಾತ್ರ ಬೊಗಳುತ್ತದೆ. ಬಣ್ಣವೇ ಕಾರಣವಾ?

ಸಾಧ್ಯತೆ ಕಡಿಮೆ. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಗೊತ್ತಾಗುತ್ತದೆ, ಕೆಂಪು ಹಸಿರುಗಳ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಆ ಜನರಲ್ಲಿ ಇನ್ನೇನು ಸಮಾನ ಅಂತ ಹುಡುಕಿ. ಟೋಪಿ, ಬೆನ್ನಿಗೆ ಚೀಲ, ಊರುಗೋಲು, ವೇಗವಾಗಿ ನಡೆಯುವುದು, ಅಥವಾ ಆ ಅಂಗಿ ಯಾವುದೋ ಡೆಲಿವರಿ ಸಮವಸ್ತ್ರವಾಗಿದ್ದು ಅವರು ಯಾವಾಗಲೂ ನಿಮ್ಮ ಬಾಗಿಲಿಗೇ ಬರುವುದು.

ಲೀಶ್ ಬಿಚ್ಚಿದರೆ ಎಲ್ಲ ನಾಯಿಗಳ ಜೊತೆ ಆಡುತ್ತದೆ, ಲೀಶ್ ಹಾಕಿದರೆ ರಾಕ್ಷಸ. ಇದೇನು?

ಹೆದರಿಕೆಗಿಂತ ಹತಾಶೆಯ ಕಡೆಗೆ ಬೆರಳು ತೋರಿಸುವ ಗುರುತು ಇದು. ಓಡಿಹೋಗಿ ಮೂಸಬೇಕು, ಆದರೆ ಹಗ್ಗ ಬಿಡುತ್ತಿಲ್ಲ. ಬೇಲಿ, ಗೇಟು, ಕಿಟಕಿಯ ಹಿಂದೆಯೂ ಇದೇ ಆಗುತ್ತದೆ. ಆದರೆ ಹೆದರುವ ನಾಯಿಯೂ ಲೀಶ್‌ನಲ್ಲಿ ಜಾಸ್ತಿ ಕೆರಳುತ್ತದೆ, ಯಾಕೆಂದರೆ ತಪ್ಪಿಸಿಕೊಂಡು ಓಡಲು ದಾರಿ ಇಲ್ಲ.

ಎರಡನ್ನೂ ಬೇರೆ ಮಾಡಿ ನೋಡಲು ಪುಸ್ತಕದಲ್ಲಿ ಒಂದು ಪ್ರಶ್ನೆ ಸೇರಿಸಿ: ಎದುರಿನ ನಾಯಿ ದೂರ ಹೋದಾಗ ನಿಮ್ಮದು ಏನು ಮಾಡಿತು? ಮೈ ಕೊಡವಿ ನಿರಾಳವಾದರೆ ಅದಕ್ಕೆ ಬೇಕಿದ್ದದ್ದು ದೂರ. ಹಿಂದೆಯೇ ಎಳೆದುಕೊಂಡು ಕುಂಯ್‌ಗುಟ್ಟಿದರೆ ಅದಕ್ಕೆ ಬೇಕಿದ್ದದ್ದು ಹತ್ತಿರ ಹೋಗುವುದು. ಎರಡೂ ಬೆರೆತ ನಾಯಿಗಳೂ ಇವೆ, ದೂರದಿಂದ ಎಳೆದಾಡಿ ಹತ್ತಿರ ಹೋದಮೇಲೆ ಏನು ಮಾಡಬೇಕು ಅಂತ ತಿಳಿಯದೆ ಹಲ್ಲು ತೋರಿಸುವಂಥವು. ಅವುಗಳನ್ನು "ಮಾತಾಡಿಸಲಿ ಬಿಡಿ" ಅಂತ ಮುಂದೆ ಬಿಡುವುದು ಅಪಾಯ.

ನಿಮ್ಮ ಕೈಯನ್ನೂ ಗಮನಿಸಿ. ಬೇರೆ ನಾಯಿ ಕಂಡ ಕೂಡಲೇ ನೀವು ಲೀಶ್ ಬಿಗಿಹಿಡಿಯುತ್ತಿದ್ದರೆ, ಆ ಬಿಗಿತವೇ "ಏನೋ ಬರ್ತಿದೆ" ಅನ್ನುವ ಸೂಚನೆ ಅಂತ ನಾಯಿ ಕಲಿತುಬಿಡುತ್ತದೆ. ಲೀಶ್ ಯಾರು ಹಿಡಿದಿದ್ದರು ಅಂತಲೂ ಬರೆಯಬೇಕಾದದ್ದು ಇದಕ್ಕೇ.

ಮನೆಯೊಳಗೆ, ಕಿಟಕಿಯಲ್ಲಿ ಬೊಗಳುವುದನ್ನೂ ಸೇರಿಸಬೇಕಾ?

ಖಂಡಿತ. ನೀವು ಹೊರಗೆ ಹೋದಾಗ ಒಂದು ಕ್ಯಾಮೆರಾ ಅಥವಾ ಹಳೇ ಫೋನು ಇಟ್ಟು ಹೋಗಿ ನೋಡಿ. ದಿನವಿಡೀ ಕಿಟಕಿಯಲ್ಲಿ ಕಾವಲು ಕೂತು ಹೋಗಿಬರುವವರಿಗೆಲ್ಲ ಬೊಗಳಿದ ನಾಯಿ ಸಂಜೆ ವಾಕಿಂಗ್‌ಗೆ ಹೊರಡುವಾಗಲೇ ಅರ್ಧ ಕೆರಳಿರುತ್ತದೆ. ಕಿಟಕಿಯ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿದರೆ, ಸೋಫಾ ಅಲ್ಲಿಂದ ಸರಿಸಿದರೆ ಎಷ್ಟೋ ಸಲ ಹೊರಗಿನ ತೊಂದರೆಯೂ ತಗ್ಗುತ್ತದೆ. ಅಗ್ಗದ ಉಪಾಯ, ಆದರೆ ಯಾಕೋ ಜನ ಇದನ್ನು ಕೊನೆಗೆ ಮಾಡುತ್ತಾರೆ.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾರದ್ದು ನಂಬೋದು?

ಕಂಡದ್ದನ್ನು ಮಾತ್ರ ಬರೆಯುವುದು ಅಂತ ಎಲ್ಲರೂ ಒಪ್ಪಿಕೊಂಡರೆ ಜಗಳ ಮುಗಿಯಿತು. "ಕೋಪ ಬಂತು", "ಹಟ ಮಾಡಿತು", "ಬೇಕೂಂತ ಮಾಡಿತು" ಅನ್ನುವುದು ನಮ್ಮ ಊಹೆ. "ಕಿವಿ ಹಿಂದಕ್ಕೆ ಹೋಯಿತು, ನಡೆಯೋದು ನಿಲ್ಲಿಸಿತು, ಮೂರು ಸಲ ಬೊಗಳಿತು" ಅನ್ನುವುದು ಕಂಡದ್ದು. ಜೋರು ಎಷ್ಟು ಅಂತ ಹೇಳಲು 0ರಿಂದ 5ರವರೆಗೆ ಅಂಕಿ ಇಟ್ಟುಕೊಳ್ಳಿ. 0 ಅಂದರೆ ನೋಡಿ ಸುಮ್ಮನಾಯಿತು, 3 ಅಂದರೆ ಬೊಗಳಿತು ಆದರೆ ಕರೆದರೆ ಬಂತು, 5 ಅಂದರೆ ಏನು ಮಾಡಿದರೂ ಕೇಳಲಿಲ್ಲ. ಮಧ್ಯದ್ದನ್ನು ನೀವೇ ತೀರ್ಮಾನಿಸಿ ಫ್ರಿಜ್ ಮೇಲೆ ಅಂಟಿಸಿ.

ಒಬ್ಬರ ಕೈಯಲ್ಲಿ ಮಾತ್ರ ನಾಯಿ ಕೆರಳುತ್ತಿದ್ದರೆ ಅವರನ್ನು ದೂರಬೇಡಿ. ಅವರು ಹೋಗುವ ಹೊತ್ತೇ ಎಲ್ಲರೂ ನಾಯಿ ಕರೆದುಕೊಂಡು ಬರುವ ಹೊತ್ತಾಗಿರಬಹುದು.

ಆ್ಯಪ್, ಸ್ಮಾರ್ಟ್ ಕಾಲರ್ ಬೇಕಾ?

ಬೇಡ. ಕಾಲರ್ ಎಷ್ಟು ಓಡಾಡಿತು, ಎಷ್ಟು ಬೊಗಳಿತು ಅಂತ ಹೇಳಬಹುದು, ಯಾವುದಕ್ಕೆ ಅಂತ ಹೇಳುವುದಿಲ್ಲ. ಫೋನಿನ ನೋಟ್ಸ್, ಮನೆಯವರ ವಾಟ್ಸಾಪ್ ಗುಂಪು, ಇಪ್ಪತ್ತು ಹಾಳೆಯ ನೋಟ್‌ಬುಕ್ಕು, ಯಾವುದಾದರೂ ಆದೀತು. ಬರೆಯಲು ಕೈ ಖಾಲಿ ಇಲ್ಲದಿದ್ದರೆ ನಡೆಯುತ್ತಲೇ ವಾಯ್ಸ್ ಮೆಸೇಜ್ ಹಾಕಿಕೊಳ್ಳಿ.

ಟ್ರಿಗರ್ ಹೌದೋ ಅಲ್ಲವೋ ಅಂತ ಬೇಕೂಂತಲೇ ಹತ್ತಿರ ಕರೆದುಕೊಂಡು ಹೋಗಿ ನೋಡಬಹುದಾ?

ಬೇಡವೇ ಬೇಡ. ಪ್ರತಿ ಸಲ ಎಗರಿದಾಗಲೂ ಎಗರುವುದರ ಅಭ್ಯಾಸ ಗಟ್ಟಿಯಾಗುತ್ತದೆ. ದಿನನಿತ್ಯದ ಓಡಾಟದಲ್ಲೇ ಬೇಕಾದಷ್ಟು ಮಾಹಿತಿ ಸಿಗುತ್ತದೆ.

ಎಷ್ಟು ದಿನ ಬರೆಯಬೇಕು? ಆಮೇಲೆ ಅದನ್ನು ಓದೋದು ಹೇಗೆ?

ಎರಡು ಮೂರು ವಾರ ಬರೆದ ಮೇಲೆ ಕೂತು ಓದಿ. ಅದಕ್ಕೂ ಮೊದಲು ತೀರ್ಮಾನ ಮಾಡಬೇಡಿ, ಮೊದಲ ವಾರದ ಯಾವುದೋ ಒಂದು ಕೆಟ್ಟ ಘಟನೆ ಕಣ್ಣು ಕಟ್ಟಿಬಿಡುತ್ತದೆ.

ಓದುವಾಗ ಜೋರು ಅಂಕಿಯ ಪ್ರಕಾರ ಎರಡು ಗುಂಪು ಮಾಡಿ. ಒಂದು ಕಡೆ 0 ಮತ್ತು 1, ಇನ್ನೊಂದು ಕಡೆ 4 ಮತ್ತು 5. ಎರಡರ ನಡುವೆ ಏನು ಬದಲಾಗಿದೆ ಅಂತ ನೋಡಿ. ದೂರ, ಹೊತ್ತು, ಜಾಗ, ಚಲನೆ, ಹಿಂದಿನ ದಿನ. ಒಂದು ಊಹೆ ಹುಟ್ಟುತ್ತದೆ, ಉದಾಹರಣೆಗೆ "ದೂರಕ್ಕಿಂತ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುವುದೇ ಸಮಸ್ಯೆ" ಅಂತ. ಮುಂದಿನ ವಾರ ಅದೊಂದನ್ನೇ ಬದಲಾಯಿಸಿ, ಮೂಲೆಗಳನ್ನು ಅಗಲವಾಗಿ ಸುತ್ತಿ ತಿರುಗಿ, ಉಳಿದದ್ದು ಹಾಗೇ ಇರಲಿ. ಅಂಕಿ ಇಳಿದರೆ ಊಹೆ ಸರಿ. ಹೊಸ ಹಾರ್ನೆಸ್, ಹೊಸ ರಸ್ತೆ, ಹೊಸ ಟ್ರೀಟ್, ಹೊಸ ಟ್ರೈನರ್ ಎಲ್ಲ ಒಂದೇ ವಾರ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಡಾಕ್ಟರಿಗೆ ತೋರಿಸಬೇಕಾದದ್ದು ಯಾವಾಗ?

ಶುರುವಿನಲ್ಲೇ ಒಮ್ಮೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ತಜ್ಞರು ಮತ್ತು ಅವರ ಜೊತೆಗಾರರು 2020ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ, ವರ್ತನೆಯ ತೊಂದರೆಗಾಗಿ ತಜ್ಞರ ಬಳಿಗೆ ಬರುವ ಪ್ರಾಣಿಗಳಲ್ಲಿ ಕಡಿಮೆ ಅಂದರೂ ಮೂರರಲ್ಲಿ ಒಂದಕ್ಕೆ ಯಾವುದೋ ನೋವು ಸೇರಿಕೊಂಡಿರುತ್ತದೆ. ಕೀಲು, ಸೊಂಟ, ಕಿವಿ, ಹಲ್ಲು, ಹೊಟ್ಟೆ, ಚರ್ಮದ ತುರಿಕೆ. ನಾಯಿಗಳು ನೋವನ್ನು ಕುಂಟಿಯೇ ತೋರಿಸಬೇಕೆಂದಿಲ್ಲ. 2018ರಲ್ಲಿ 20 ನಾಯಿಗಳ ಮೇಲೆ ಮಾಡಿದ ಚಿಕ್ಕ ಅಧ್ಯಯನದಲ್ಲಿ, ಸದ್ದಿಗೆ ಹೆದರುವ ನಾಯಿಗಳಲ್ಲಿ ನೋವಿದ್ದವಕ್ಕೆ ಆ ಹೆದರಿಕೆ ಶುರುವಾದದ್ದು ಉಳಿದವುಗಳಿಗಿಂತ ಸುಮಾರು 4 ವರ್ಷ ತಡವಾಗಿ. ಅಂದರೆ ವರ್ಷಗಟ್ಟಲೆ ಚೆನ್ನಾಗಿದ್ದ ನಾಯಿ ಈಗ ಹೊಸದಾಗಿ ಕೆರಳಲು ಶುರುಮಾಡಿದರೆ ಟ್ರೈನರ್‌ಗಿಂತ ಮೊದಲು ವೆಟ್.

ಪುಸ್ತಕದಲ್ಲಿ ಇದರ ಗುರುತು ಹೀಗೆ ಕಾಣಬಹುದು: ಮುಟ್ಟಿದಾಗ, ಎಬ್ಬಿಸಿದಾಗ, ಮೆಟ್ಟಿಲು ಹತ್ತಿದ ಮೇಲೆ ಆಗುವ ಘಟನೆಗಳು, ಚಳಿ ಇರುವ ಬೆಳಿಗ್ಗೆ ಜಾಸ್ತಿ, ಜೋರಾಗಿ ಆಡಿದ ಮರುದಿನ ಜಾಸ್ತಿ. ಆ ಪುಟಗಳನ್ನೂ ವಿಡಿಯೋವನ್ನೂ ಡಾಕ್ಟರಿಗೆ ತೋರಿಸಿ. ಪರೀಕ್ಷೆಯ ಮೇಜಿನ ಮೇಲೆ ಹೆದರಿ ಗಟ್ಟಿಯಾಗಿ ನಿಂತ ನಾಯಿಗಿಂತ ಅವು ಹೆಚ್ಚು ಹೇಳುತ್ತವೆ. ಕೆಲವು ನಾಯಿಗಳಿಗೆ ಆತಂಕ ತಗ್ಗಿಸುವ ಔಷಧಿಯೂ ಬೇಕಾಗುತ್ತದೆ. ದಿನಾ ಕೊಡುವ ಕೆಲವು ಔಷಧಿಗಳ ಪರಿಣಾಮ ಗೊತ್ತಾಗಲು 4ರಿಂದ 6 ವಾರ ಹಿಡಿಯುವುದರಿಂದ ಆಗಲೂ ಈ ಪುಸ್ತಕವೇ ಸಾಕ್ಷಿ. ಮನುಷ್ಯರ ಮಾತ್ರೆ ನೀವೇ ತುಂಡು ಮಾಡಿ ಕೊಡಬೇಡಿ.

ಟ್ರಿಗರ್ ಗೊತ್ತಾಯಿತು. ಮುಂದೆ?

ಎರಡು ಕೆಲಸ ಜೊತೆಗೇ. ಒಂದು, ತಪ್ಪಿಸಬಹುದಾದ್ದನ್ನು ತಪ್ಪಿಸುವುದು: ಹೊತ್ತು ಬದಲಾಯಿಸಿ, ರಸ್ತೆ ಬದಲಾಯಿಸಿ, ನಿಂತ ಕಾರಿನ ಮರೆಗೆ ಹೋಗಿ. ಇದು ಸೋಲಲ್ಲ, ತರಬೇತಿಯ ಅರ್ಧ ಭಾಗ ಇದೇ. ಎರಡು, ನಾಯಿ ಟ್ರಿಗರನ್ನು ನೋಡಿಯೂ ತಿನ್ನಲು, ನಿಮ್ಮ ಕಡೆ ತಿರುಗಲು ಆಗುವಷ್ಟು ದೂರದಲ್ಲಿ ನಿಂತು, ಅದು ನೋಡಿದ ಕೂಡಲೇ ತುಂಬಾ ಇಷ್ಟದ ಟ್ರೀಟ್ ಕೊಡುವುದು. ಮೊದಲು ಟ್ರಿಗರ್, ಆಮೇಲೆ ಟ್ರೀಟ್. ತಿರುಗುಮುರುಗಾದರೆ ಟ್ರೀಟ್ ತೆಗೆದಾಗಲೇ ನಾಯಿಗೆ ಅನುಮಾನ ಹುಟ್ಟುತ್ತದೆ. ಹಲವು ದಿನ ಹೀಗೆ ಮಾಡಿದ ಮೇಲೆ, ಟ್ರಿಗರ್ ಕಂಡಾಗ ನಾಯಿಯೇ "ಎಲ್ಲಿ ನಂದು?" ಅನ್ನುವ ಹಾಗೆ ನಿಮ್ಮ ಕಡೆ ತಿರುಗಿದರೆ ಕೆಲವು ಹೆಜ್ಜೆ ಹತ್ತಿರ ಹೋಗಬಹುದು. ಎಷ್ಟು ದೂರದಿಂದ ಶುರುಮಾಡಬೇಕು ಅಂತ ನೀವು ಬರೆದ 0 ಮತ್ತು 1ರ ನಮೂದುಗಳೇ ಹೇಳುತ್ತವೆ.

ಬೊಗಳುವಾಗ ಟ್ರೀಟ್ ಕೊಟ್ಟರೆ ಬೊಗಳೋದಕ್ಕೆ ಬಹುಮಾನ ಕೊಟ್ಟ ಹಾಗಲ್ವಾ?

ಹೆದರಿಕೆಯಿಂದ ಬೊಗಳುತ್ತಿದ್ದರೆ ಟ್ರೀಟ್ ಕೊಟ್ಟು ಹೆದರಿಕೆ ಜಾಸ್ತಿ ಮಾಡಲು ಆಗುವುದಿಲ್ಲ. ಆದರೆ ಬೊಗಳುವ ಹೊತ್ತಿಗೆ ನೀವು ತುಂಬ ಹತ್ತಿರ ಬಂದಾಗಿದೆ, ಮೊದಲು ದೂರ ಹೋಗಿ.

ಗದರಿಸಿದರೆ, ಶಾಕ್ ಕಾಲರ್ ಹಾಕಿದರೆ ಬೇಗ ಸರಿಹೋಗುತ್ತೆ ಅಂತಾರಲ್ಲ?

ಸದ್ದು ನಿಲ್ಲಬಹುದು, ಕಾರಣ ನಿಲ್ಲುವುದಿಲ್ಲ. ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ ಬೇರೆ ನಾಯಿ ಅಂದರೆ ನೋವು ಅಂತಲೇ ಅದು ಕಲಿಯುತ್ತದೆ. ಇನ್ನೂ ಕೆಟ್ಟದ್ದು, ಗುರುಗುಟ್ಟಿದ್ದಕ್ಕೆ ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರ ಕಚ್ಚುವ ಹಂತಕ್ಕೆ ಹೋಗಬಹುದು. ನಿಮ್ಮ ಪುಸ್ತಕದ ಅತಿ ಮುಖ್ಯ ಗುರುತನ್ನೇ ನೀವು ಅಳಿಸಿ ಹಾಕಿದ ಹಾಗೆ. ಪೋರ್ಚುಗಲ್‌ನಲ್ಲಿ 92 ನಾಯಿಗಳನ್ನು ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷೆಯನ್ನು ಹೆಚ್ಚು ಬಳಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಗುರುತುಗಳೂ ತರಬೇತಿಯ ನಂತರದ ಕಾರ್ಟಿಸೋಲ್ (ಒತ್ತಡದ ಹಾರ್ಮೋನು) ಮಟ್ಟವೂ ಜಾಸ್ತಿ ಕಂಡಿತ್ತು. ಪ್ರಾಣಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ ಬಹುಮಾನ ಆಧರಿಸಿದ ತರಬೇತಿಯನ್ನೇ ಬಳಸಬೇಕು ಅಂತ ಹೇಳಿತು.

ಕಚ್ಚಿಬಿಟ್ಟರೆ ಅದನ್ನು ಹೇಗೆ ಬರೆಯೋದು?

ಮೊದಲು ಗಾಯ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ವೈದ್ಯರ ಬಳಿ ಹೋಗಬೇಕು. ರೇಬೀಸ್ ಲಸಿಕೆ ಬೇಕೋ ಬೇಡವೋ ಅಂತ ಅವರು ನಿರ್ಧರಿಸುತ್ತಾರೆ, ನಾವಲ್ಲ.

ಬರೆಯಲು ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ಮಾಡಿದ 6 ಹಂತಗಳ ಅಳತೆ ಇದೆ, ಟ್ರೈನರ್‌ಗಳಿಗೆಲ್ಲ ಪರಿಚಿತ. ಮೊದಲ ಹಂತದಲ್ಲಿ ಬಾಯಿ ಹಾಕಿದರೂ ಹಲ್ಲು ಚರ್ಮಕ್ಕೆ ತಾಗಿರುವುದಿಲ್ಲ. ಎರಡನೆಯದರಲ್ಲಿ ತಾಗಿದೆ, ತೂತಾಗಿಲ್ಲ. ಮೂರರಲ್ಲಿ ಒಂದೇ ಕಚ್ಚಿಗೆ ಒಂದರಿಂದ ನಾಲ್ಕು ತೂತು, ಕೋರೆಹಲ್ಲಿನ ಅರ್ಧಕ್ಕಿಂತ ಆಳವಿಲ್ಲ. ನಾಲ್ಕರಿಂದ ಮೇಲಕ್ಕೆ ಆಳವಾದ ಗಾಯ, ಹಲವು ಸಲ ಕಚ್ಚುವುದು, ಕೊನೆಗೆ ಕಚ್ಚಿಸಿಕೊಂಡವರ ಸಾವು. "ಜೋರಾಗಿ ಕಚ್ಚಿತು" ಅನ್ನುವುದಕ್ಕಿಂತ ಹಂತ ಹೇಳಿದರೆ ತಜ್ಞರಿಗೆ ಬೇಗ ಅರ್ಥವಾಗುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ಒಬ್ಬರೇ ನಿಭಾಯಿಸಲು ಹೋಗಬೇಡಿ. ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥ ಬುಟ್ಟಿಯ ಆಕಾರದ ಮಝಲ್ (ಬಾಯಿಗವಸು) ಅನ್ನು ಟ್ರೀಟ್ ಕೊಟ್ಟು ನಿಧಾನಕ್ಕೆ ಅಭ್ಯಾಸ ಮಾಡಿಸಿ. ಅದು ಬೇಕಾಗುವ ದಿನಕ್ಕಿಂತ ಎಷ್ಟೋ ಮೊದಲೇ ಶುರುಮಾಡಿದರೆ ಒಳ್ಳೆಯದು.

ಹೊಸದಾಗಿ ಮನೆಗೆ ತಂದ ನಾಯಿ. ಈಗಲೇ ಬರೆಯಲು ಶುರುಮಾಡಲಾ?

ಮಾಡಿ, ಆದರೆ ಮೊದಲ ಕೆಲವು ವಾರಗಳ ಪುಟಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಹೊಸ ಜಾಗದಲ್ಲಿ ಕೆಲವು ನಾಯಿ ಮೌನವಾಗಿ ಮುದುಡಿರುತ್ತವೆ, ಧೈರ್ಯ ಬಂದಮೇಲೆ ಬೊಗಳಲು ಶುರುಮಾಡುತ್ತವೆ. ಮರಿಗಳಲ್ಲೂ ಆರೇಳು ತಿಂಗಳಿಂದ ಮುಂದೆ ಹರೆಯದ ದಿನಗಳಲ್ಲಿ ಹೊಸ ಹೆದರಿಕೆಗಳು ಕಾಣಿಸಿಕೊಳ್ಳುವುದುಂಟು.

ಬರೆಯುವುದನ್ನು ಯಾವಾಗ ನಿಲ್ಲಿಸಬಹುದು?

ಪುಸ್ತಕ ನೋಡದೆಯೇ ಮುಂದೆ ಏನಾಗುತ್ತದೆ ಅಂತ ನೀವು ಹೇಳುವಂತಾದಾಗ ದಿನಾ ಬರೆಯುವುದನ್ನು ಬಿಡಿ. ಆಮೇಲೆ 4 ಅಥವಾ 5 ಆದ ದಿನ ಮಾತ್ರ ಬರೆದರೆ ಸಾಕು. ಮನೆ ಬದಲಾಯಿಸಿದಾಗ, ಮನೆಗೆ ಮಗು ಅಥವಾ ಇನ್ನೊಂದು ಪ್ರಾಣಿ ಬಂದಾಗ, ನಾಯಿಗೆ ವಯಸ್ಸಾಗಿ ಕಣ್ಣು ಕಿವಿ ಮಂದವಾದಾಗ ಮತ್ತೆ ಎರಡು ವಾರ ಪೂರ್ತಿ ಬರೆಯಿರಿ. ಹಳೇ ಪುಸ್ತಕ ಬಿಸಾಡಬೇಡಿ, ಹೊಸ ಟ್ರೈನರ್ ಸಿಕ್ಕಾಗ ಅವರು ಮೊದಲು ಕೇಳುವ ಪ್ರಶ್ನೆಗಳ ಉತ್ತರ ಅದರಲ್ಲೇ ಇರುತ್ತದೆ.